ಮನೆ ಮಂಡ್ಯದಲ್ಲೋ, ಮದ್ದೂರಿನಲ್ಲೋ?

ಅಡಿಕೆಯ ಹಣ ಕೈಸೇರಿದೊಡನೆ ಪೇಟೆಯಲ್ಲೊಂದು ಮನೆ ಕೊಳ್ಳುವ ಆಸೆ ಬೆಳೆಗಾರರಿಗೆ ಸಹಜ. ಮಳವಳ್ಳಿ ಕಡೆಯ ಸದಸ್ಯರಿಗೆ ಮಂಡ್ಯವೋ, ಮದ್ದೂರೋ ಎಂಬುದೇ ಪ್ರಶ್ನೆ. ಮಳವಳ್ಳಿಗೆ ರೈಲಿಲ್ಲ, ಆ ಎರಡೂ ಊರುಗಳಿಗುಂಟು.

2023ರ ಮಾರ್ಚಿನಲ್ಲಿ ಉದ್ಘಾಟನೆಯಾದ ಬೆಂಗಳೂರು-ಮೈಸೂರು ದಶಪಥ ಹೆದ್ದಾರಿಯನ್ನು ತೋರಿಸಿ ದಲ್ಲಾಳಿಗಳು ಬೆಲೆ ಏರಿಸುತ್ತಾರೆ. ಆದರೆ ಆ ರಸ್ತೆ ಎರಡೂ ಊರುಗಳನ್ನು ಬಳಸಿ ಹೊರಗಿನಿಂದಲೇ ಹೋಗುತ್ತದೆ. ಅದೇ ವರ್ಷದ ಆಗಸ್ಟ್ 1ರಿಂದ ಅದರ ಮುಖ್ಯ ಪಥದಲ್ಲಿ ಬೈಕು, ಆಟೋ, ಟ್ರ್ಯಾಕ್ಟರುಗಳಿಗೆ ಪ್ರವೇಶವೂ ಇಲ್ಲ. ಆದ್ದರಿಂದ ಹೆದ್ದಾರಿಯ ಹೆಸರಿಗೆ ಹೆಚ್ಚು ಹಣ ತೆರಬೇಡಿ.

ಮನೆಯಲ್ಲಿ ವೃದ್ಧರೂ ಓದುವ ಮಕ್ಕಳೂ ಇದ್ದರೆ ಮಿಮ್ಸ್ ಆಸ್ಪತ್ರೆ, ಕಾಲೇಜುಗಳಿರುವ ಮಂಡ್ಯವೇ ಲೇಸು. ವಾರಕ್ಕೆರಡು ಸಲ ತೋಟ ನೋಡಬೇಕಾದವರಿಗೆ ಮಳವಳ್ಳಿಗೆ ಹತ್ತಿರವಾದ ಮದ್ದೂರು ಸಾಕು. ಎಲ್ಲಿಯಾದರೂ ಸರಿ, ಖಾತೆ, ಭೂಪರಿವರ್ತನೆ ಆದೇಶ, ಋಣಭಾರ ಪತ್ರ ನೋಡದೆ ಮುಂಗಡ ಕೊಡಬೇಡಿ. ತೋಟ ಅಡವಿಟ್ಟು ಮನೆ ಕೊಳ್ಳುವುದಂತೂ ಬೇಡವೇ ಬೇಡ.