ಹಳೆಯ ಬಾವುಟವೂ ಹೊಲಿದವರ ಹೆಸರೂ

ಕಳೆದ ವರ್ಷ ಆಗಸ್ಟ್ ತಿಂಗಳಿನಲ್ಲಿ ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿನಿಯೊಬ್ಬರು ಒಂದು ಗಂಟನ್ನು ತಂದು ನಮ್ಮ ಮೇಜಿನ ಮೇಲಿಟ್ಟರು. ಬಿಚ್ಚಿ ನೋಡಲಾಗಿ ಖಾದಿಯ ಬಾವುಟ. ಕೇಸರಿ, ಬಿಳುಪು, ಹಸುರು. ನಡುವೆ ಚಕ್ರವಿಲ್ಲ, ನೂಲುವ ಚರಕ. ಅವರ ಅಜ್ಜಿಯ ಪೆಟ್ಟಿಗೆಯ ತಳದಲ್ಲಿ ಸಿಕ್ಕಿತಂತೆ. ಮಡಿಕೆಗಳುದ್ದಕ್ಕೂ ಬಟ್ಟೆ ಬಿರಿದಿತ್ತು. ಒಂದು ಮೂಲೆಯನ್ನು ಹುಳ ತಿಂದಿತ್ತು. ಮನೆಯಲ್ಲಿ ಮೂರು ಅಭಿಪ್ರಾಯಗಳು ಹುಟ್ಟಿದ್ದವು. ಹರಿದ ಧ್ವಜವನ್ನು ಸುಡಬೇಕೆಂಬುದು ನಿಯಮವಾದುದರಿಂದ ಸುಟ್ಟುಬಿಡೋಣವೆಂದು ಸೋದರಮಾವನವರು ಹೇಳಿದರು. ಮೂರು ತುಂಡು ಮಾಡಿ ಮೂವರು ಹೆಣ್ಣುಮಕ್ಕಳಿಗೂ ಒಂದೊಂದು ಕೊಡೋಣವೆಂದು ತಾಯಿಯವರು. ಒಗೆದು, ತೇಪೆ ಹಾಕಿ, ಕನ್ನಡಿಯ ಚೌಕಟ್ಟಿನಲ್ಲಿ ತೂಗಹಾಕೋಣವೆಂದು ಈಕೆ. ಮೂರೂ ಪ್ರೀತಿಯಿಂದ ಹುಟ್ಟಿದ ಮಾತುಗಳೇ. ಆದರೂ ಮೂರನ್ನೂ ಮಾಡಬೇಡಿರೆಂದು ನಾವು ಹೇಳಿದೆವು. ಹಾಗೆ ಹೇಳಿದ್ದೇಕೆಂಬುದನ್ನು ಇಲ್ಲಿ ತುಸು ವಿಸ್ತಾರವಾಗಿ ಬರೆಯುತ್ತೇವೆ. ಯಾಕಂದರೆ ಇಂಥ ಪೆಟ್ಟಿಗೆಗಳು ನಮ್ಮ ಓದುಗರಲ್ಲಿ ಇನ್ನೂ ಕೆಲವರ ಮನೆಗಳಲ್ಲಿ ಇರಬಹುದು.

ಕತ್ತರಿಸುವುದರ ಫಲವೇನೆಂದು ತಿಳಿಯಬೇಕಾದರೆ ಅಮೇರಿಕಾ ಸಂಯುಕ್ತ ಸಂಸ್ಥಾನದ ಒಂದು ಧ್ವಜದ ಚರಿತ್ರೆಯನ್ನು ನೋಡತಕ್ಕದ್ದು. 1813ರಲ್ಲಿ ಬಾಲ್ಟಿಮೋರ್ ನಗರದ ಮೇರಿ ಪಿಕರ್ಸ್‌ಗಿಲ್ ಎಂಬ ವಿಧವೆ, ಅಲ್ಲಿಯ ಮೆಕ್‌ಹೆನ್ರಿ ಕೋಟೆಗಾಗಿ 30 ಅಡಿ ಎತ್ತರ, 42 ಅಡಿ ಉದ್ದದ ಧ್ವಜವನ್ನು ಹೊಲಿದು ಕೊಟ್ಟಳು. ಪಟ್ಟೆಗಳು ಹದಿನೈದು, ನಕ್ಷತ್ರಗಳು ಹದಿನೈದು. ಒಂದೊಂದು ನಕ್ಷತ್ರವೂ ಎರಡು ಅಡಿ ಅಗಲ. ಮನೆಯಲ್ಲಿ ಹರಡುವುದಕ್ಕೆ ಸ್ಥಳ ಸಾಲದೆ ಹತ್ತಿರದ ಮದ್ಯದ ಕಾರಖಾನೆಯೊಂದರ ನೆಲದ ಮೇಲೆ ಹರಡಿಕೊಂಡು, ಮಗಳೂ ಸೋದರನ ಮಕ್ಕಳೂ ಕೂಡಿ ಹೊಲಿದರು. 1814ರ ಸೆಪ್ಟೆಂಬರ್ 13 ಮತ್ತು 14ರಂದು ಇಂಗ್ಲಿಷ್ ನೌಕೆಗಳು ಕೋಟೆಯ ಮೇಲೆ ಗುಂಡಿನ ಮಳೆ ಸುರಿಸಿದ ಮೇಲೆ, ಬೆಳಗ್ಗೆ ಈ ಧ್ವಜವು ಹಾರುತ್ತಿರುವುದನ್ನು ಕಂಡು ಫ್ರಾನ್ಸಿಸ್ ಸ್ಕಾಟ್ ಕೀ ಎಂಬವನು ಬರೆದ ಪದ್ಯವೇ 1931ರಲ್ಲಿ ಆ ದೇಶದ ರಾಷ್ಟ್ರಗೀತೆಯಾಯಿತು.

ಗುಂಡಿನಿಂದ ಉಳಿದ ಆ ಧ್ವಜವು ಅಭಿಮಾನಿಗಳ ಕತ್ತರಿಯಿಂದ ಉಳಿಯಲಿಲ್ಲ. ಕೋಟೆಯ ಅಧಿಪತಿಯ ಕುಟುಂಬದಲ್ಲಿ ಸುಮಾರು ತೊಂಬತ್ತು ವರ್ಷ ಇದ್ದಾಗ, ಬೇಡಿದ ಮಾನ್ಯರಿಗೂ ಹಳೆಯ ಸೈನಿಕರಿಗೂ ಒಂದೊಂದು ಚೂರನ್ನು ಕತ್ತರಿಸಿ ಕೊಡುತ್ತಾ ಬಂದರು. ಒಂದು ನಕ್ಷತ್ರವೇ ಹೋಯಿತು. ಯಾರಿಗೆ ಹೋಯಿತೆಂಬುದು ಇಂದಿಗೂ ತಿಳಿಯದು. 42 ಅಡಿ ಇದ್ದ ಉದ್ದ 34 ಅಡಿಗೆ ಇಳಿಯಿತು. ಚೂರು ಪಡೆದವರೆಲ್ಲರೂ ಭಕ್ತಿಯಿಂದಲೇ ಪಡೆದರು. ಆದರೆ ಪೂರ್ಣ ಧ್ವಜವನ್ನು ನೋಡುವ ಭಾಗ್ಯವನ್ನು ಮುಂದಿನವರಿಂದ ಕಿತ್ತುಕೊಂಡವರೂ ಅವರೇ.

ಇನ್ನು ರಿಪೇರಿಯ ವಿಷಯ. 1912ರಲ್ಲಿ ಅದು ಸ್ಮಿತ್‌ಸೋನಿಯನ್ ಸಂಸ್ಥೆಗೆ ದಾನವಾಗಿ ಬಂದಿತು. 1914ರಲ್ಲಿ ಅಮೀಲಿಯಾ ಫೌಲರ್ ಎಂಬ ನಿಪುಣೆಯೂ ಆಕೆಯ ಸಂಗಡಿಗ ಹೆಂಗಸರೂ ನಾರುಬಟ್ಟೆಯನ್ನು ಹಿಂಬದಿಗೆ ಕೊಟ್ಟು, ಸುಮಾರು 17 ಲಕ್ಷ ಹೊಲಿಗೆಗಳನ್ನು ಹಾಕಿ ಬಂಧಿಸಿದರು. ಆ ಕಾಲಕ್ಕೆ ಅದಕ್ಕಿಂತ ಉತ್ತಮ ಕೆಲಸವನ್ನು ಯಾರೂ ಮಾಡಲಾರರು. ಆದರೆ ನೂರು ವರ್ಷವೂ ತುಂಬುವ ಮೊದಲು, 1998ರ ತರುವಾಯ, ಬೇರೆ ತಜ್ಞರು ಕುಳಿತು ಆ ಹೊಲಿಗೆಗಳನ್ನೆಲ್ಲಾ ಒಂದೊಂದಾಗಿ ಕತ್ತರಿಸಿ ನಾರುಬಟ್ಟೆಯನ್ನು ತೆಗೆಯಬೇಕಾಯಿತು. 2008ರಿಂದ ಅದನ್ನು ಮಂದವಾದ ಬೆಳಕಿನ ಕೋಣೆಯಲ್ಲಿ, ತೂಗಹಾಕದೆ, ತುಸು ಓರೆಯಾಗಿ ಮಲಗಿಸಿ ಇಟ್ಟಿದ್ದಾರೆ.

ಈ ಸಂಗತಿ ನಮ್ಮನ್ನು ಚುಚ್ಚುವುದಕ್ಕೆ ಕಾರಣವುಂಟು. ನಾವು ಹೊಸದಾಗಿ ಉಪಾಧ್ಯಾಯಿನಿಯಾಗಿದ್ದಾಗ ಶಾಲೆಯ ಕಪಾಟಿನಲ್ಲಿದ್ದ ಹಳೆಯ ಖಾದಿ ಬಾವುಟವೊಂದನ್ನು ಶುಚಿ ಮಾಡಬೇಕೆಂಬ ಉತ್ಸಾಹದಿಂದ ಸಾಬೂನಿನಲ್ಲಿ ಅದ್ದಿದೆವು. ಹಸುರು ಬಣ್ಣವು ಬಿಳುಪಿಗೆ ಹರಿಯಿತು. ಇಸ್ತ್ರಿ ಮಾಡಿದಾಗ ಮಡಿಕೆಯಲ್ಲಿ ಬಟ್ಟೆ ತುಂಡಾಯಿತು. ಯಾರೂ ನಮ್ಮನ್ನು ಗದರಿಸಲಿಲ್ಲ; ಅದೇ ಹೆಚ್ಚು ನೋವಾಯಿತು.

ಸುಡುವ ಮಾತಿಗೆ ಬರೋಣ. ಹಾಳಾದ ಧ್ವಜವನ್ನು ಏಕಾಂತದಲ್ಲಿ, ಮೇಲಾಗಿ ಸುಡುವುದರ ಮೂಲಕ, ಪೂರ್ಣವಾಗಿ ವಿಸರ್ಜಿಸಬೇಕೆಂದು 2002ರ ಭಾರತದ ಧ್ವಜ ಸಂಹಿತೆಯು ಹೇಳುತ್ತದೆ. ಹಾರಿಸಿ ಹಾರಿಸಿ ಸವೆದ ಬಾವುಟವು ಬೀದಿಯ ಕಸವಾಗಬಾರದೆಂಬುದು ಆ ನಿಯಮದ ಉದ್ದೇಶ, ಬಹಳ ಒಳ್ಳೆಯದು. ಆದರೆ ಚರಕದ ಬಾವುಟವನ್ನು ನಾಳೆ ಯಾರೂ ಕಂಬಕ್ಕೆ ಏರಿಸುವುದಿಲ್ಲ. ಅದು ಈಗ ದಾಖಲೆ. ದಾಖಲೆಯನ್ನು ಸುಡುವುದು ಗೌರವವೆಂದು ನಾವು ಒಪ್ಪಲಾರೆವು. 1947ರ ಆಗಸ್ಟ್ 15ರಂದು ಮದರಾಸಿನ ಸೇಂಟ್ ಜಾರ್ಜ್ ಕೋಟೆಯಲ್ಲಿ ಹಾರಿದ ರೇಷ್ಮೆಯ ಧ್ವಜವನ್ನು ಅಲ್ಲಿಯ ವಸ್ತುಸಂಗ್ರಹಾಲಯದಲ್ಲಿ ಜೋಪಾನವಾಗಿ ಇಟ್ಟಿರುವರು. ಅದನ್ನು ಸುಡಬೇಕಾಗಿತ್ತೆಂದು ಯಾರೂ ಹೇಳರು. ಮನೆಯ ಪೆಟ್ಟಿಗೆಯಲ್ಲಿದ್ದ ಮಾತ್ರಕ್ಕೆ ಬೇರೆ ನ್ಯಾಯವೇ?

ಬಾವುಟದ ಕಾಲವನ್ನು ತಿಳಿಯುವುದು ಹೇಗೆಂದು ಆ ವಿದ್ಯಾರ್ಥಿನಿ ಕೇಳಿದರು. 1921ರಲ್ಲಿ ಬೆಜವಾಡದಲ್ಲಿ ಪಿಂಗಳಿ ವೆಂಕಯ್ಯನವರು ಗಾಂಧೀಜಿಯವರಿಗೆ ಒಂದು ಧ್ವಜದ ಮಾದರಿಯನ್ನು ತೋರಿಸಿದರು. ಅದರಿಂದ ರೂಪುಗೊಂಡ ಬಾವುಟದಲ್ಲಿ ಬಿಳುಪು, ಹಸುರು, ಕೆಂಪು ಪಟ್ಟೆಗಳಿದ್ದವು. ಕೇಸರಿ, ಬಿಳುಪು, ಹಸುರಿನ ನಡುವೆ ಚರಕವನ್ನು ಕಾಂಗ್ರೆಸ್ ಅಂಗೀಕರಿಸಿದ್ದು 1931ರಲ್ಲಿ. ಅಶೋಕಚಕ್ರ ಬಂದದ್ದು 1947ರ ಜುಲೈ 22ರಂದು. ಆದುದರಿಂದ ಅವರ ಅಜ್ಜಿಯ ಬಾವುಟ 1931ಕ್ಕಿಂತ ಹಳೆಯದಲ್ಲ. ಚರಕವಿದೆಯೆಂದು 1947ಕ್ಕಿಂತ ಮುಂಚಿನದೇ ಎಂದು ಸಾಧಿಸುವುದೂ ಸರಿಯಲ್ಲ, ಯಾಕಂದರೆ ಕಾಂಗ್ರೆಸ್ಸಿನ ಬಾವುಟದಲ್ಲಿ ಚರಕವು ಆಮೇಲೆಯೂ ಇದ್ದಿತು. ಮೈಸೂರು ಸಂಸ್ಥಾನದಲ್ಲಿ 1938ರ ಏಪ್ರಿಲಿನಲ್ಲಿ ಮದ್ದೂರಿನ ಬಳಿಯ ಶಿವಪುರದಲ್ಲಿ ನಿಷೇಧವನ್ನು ಮೀರಿ ಬಾವುಟವನ್ನೇರಿಸಿದರು. ಅದೇ ತಿಂಗಳ 25ರಂದು ವಿದುರಾಶ್ವತ್ಥದಲ್ಲಿ ಗುಂಡು ಹಾರಿತು. ಅಂಥ ದಿನಗಳಲ್ಲಿ ಹೊಲಿದದ್ದೋ, ಅಥವಾ ಪೇಟೆಯಲ್ಲಿ ಕೊಂಡದ್ದೋ? ಬಟ್ಟೆ ತಾನಾಗಿ ಹೇಳದು. ಮನೆಯವರ ಮಾತು ಬೇಕು.

ಸಂಗ್ರಾಹಕರು ಹೆಚ್ಚಾಗಿ ಎಡವುವುದು ಇಲ್ಲಿಯೇ. ಹೊಸ ಬಟ್ಟೆಯನ್ನು ಚಹದ ನೀರಿನಲ್ಲಿ ಅದ್ದಿ ಹಳೆಯದೆಂದು ಮಾರುವವರು ಅಮೇರಿಕದಲ್ಲಿ ಉಂಟು. ಅಲ್ಲಿ 2006ರಲ್ಲಿ ಅವರ ಸ್ವಾತಂತ್ರ್ಯಯುದ್ಧದ ನಾಲ್ಕು ಧ್ವಜಗಳು ಹರಾಜಿನಲ್ಲಿ 1 ಕೋಟಿ 70 ಲಕ್ಷ ಡಾಲರಿಗೂ ಮೇಲ್ಪಟ್ಟು ಬೆಲೆ ತಂದವು. ಇಷ್ಟು ಹಣವಿದ್ದಲ್ಲಿ ಮೋಸ ಬಾರದಿರುತ್ತದೆಯೇ? ಆ ದೇಶದ ಮೊದಲ ಧ್ವಜವನ್ನು ಬೆಟ್ಸಿ ರಾಸ್ ಹೊಲಿದಳೆಂಬ ಕಥೆಯನ್ನು ಅಲ್ಲಿಯ ಮಕ್ಕಳೆಲ್ಲರೂ ಬಲ್ಲರು. ಆದರೆ ಅದನ್ನು ಬಹಿರಂಗವಾಗಿ ಹೇಳಿದವನು ಆಕೆಯ ಮೊಮ್ಮಗ, 1870ರಲ್ಲಿ. ಆ ಕಾಲದ ಕಾಗದವೊಂದೂ ಅದಕ್ಕೆ ಆಧಾರವಿಲ್ಲ. ಮೇರಿ ಪಿಕರ್ಸ್‌ಗಿಲ್ಲಳಿಗಾದರೋ 405 ಡಾಲರ್ 90 ಸೆಂಟಿನ ರಶೀದಿಯೇ ಉಂಟು. ಆಕೆಯ ಮನೆಯಲ್ಲಿ ಗ್ರೇಸ್ ವಿಷರ್ ಎಂಬ ಕರಿಯ ಹುಡುಗಿಯೊಬ್ಬಳು, ಸುಮಾರು ಹದಿಮೂರು ವರ್ಷದವಳು, ಕರಾರಿನ ಮೇಲೆ ಕೆಲಸಕ್ಕಿದ್ದಳು. ಆಕೆಯೂ ಆ ಧ್ವಜಕ್ಕೆ ಕೈ ಕೊಟ್ಟಿರಬೇಕೆಂದು ಚರಿತ್ರಕಾರರು ಎಣಿಸುತ್ತಾರೆ. ಆ ಕರಾರು ಪತ್ರ ಉಳಿಯದೆ ಹೋಗಿದ್ದರೆ ಹೆಸರೂ ಉಳಿಯುತ್ತಿರಲಿಲ್ಲ.

ನಮ್ಮ ದೇಶದ ಧ್ವಜದ ಚರಿತ್ರೆಯಲ್ಲಿಯೂ ಸ್ತ್ರೀಯರ ಕೈ ಎದ್ದು ಕಾಣುವುದು. 1907ರ ಆಗಸ್ಟ್ 22ರಂದು ಜರ್ಮನಿಯ ಸ್ಟುಟ್‌ಗಾರ್ಟಿನಲ್ಲಿ ಧ್ವಜವನ್ನು ಬಿಚ್ಚಿ ತೋರಿಸಿದವರು ಭಿಕಾಜಿ ಕಾಮಾ ಅವರು. 1947ರ ಆಗಸ್ಟ್ 14ರ ಮಧ್ಯರಾತ್ರಿಯ ಸಭೆಯಲ್ಲಿ ಭಾರತದ ಸ್ತ್ರೀಯರ ಪರವಾಗಿ ರಾಷ್ಟ್ರಧ್ವಜವನ್ನು ಸಂವಿಧಾನ ಸಭೆಗೆ ಒಪ್ಪಿಸಿದವರು ಹಂಸಾ ಮೆಹ್ತಾ ಅವರು. ಇಂದಿಗೂ ಹುಬ್ಬಳ್ಳಿಯ ಬೆಂಗೇರಿಯಲ್ಲಿ ಖಾದಿಯ ಧ್ವಜಗಳನ್ನು ಸಿದ್ಧಮಾಡುವವರಲ್ಲಿ ಬಹುಮಂದಿ ಹೆಂಗಸರು. ಅವರ ಹೆಸರು ಯಾವ ಧ್ವಜದ ಮೇಲೂ ಇರುವುದಿಲ್ಲ. ಇರಬೇಕೆಂದು ನಾವೂ ಕೇಳುವುದಿಲ್ಲ. ಮನೆಯಲ್ಲಿ ಹೊಲಿದ ಬಾವುಟದ ಸಂಗಡವಾದರೂ ಒಂದು ಚೀಟಿ ಇರಲಿ.

ಆದಕಾರಣ ಆ ವಿದ್ಯಾರ್ಥಿನಿಗೆ ನಾವು ಕೊಟ್ಟ ಸಲಹೆ ಇಷ್ಟೇ. ಒಗೆಯಬೇಡಿ, ಇಸ್ತ್ರಿ ಬೇಡ, ಸೂಜಿ ಬೇಡ. ಗಂಜಿಯಿಲ್ಲದ ಬಿಳಿಯ ಹತ್ತಿಬಟ್ಟೆಯ ಮೇಲೆ ಹರಡಿ, ಮಡಿಸದೆ ಸುರುಳಿ ಸುತ್ತಿ, ಬೆಳಕೂ ತೇವವೂ ಸೋಕದಲ್ಲಿ ಇಡಿ. ವೃತ್ತಪತ್ರಿಕೆಯ ಕಾಗದವನ್ನಾಗಲಿ, ಬೇವಿನ ಎಲೆಯನ್ನಾಗಲಿ, ನುಸಿಗುಳಿಗೆಯನ್ನಾಗಲಿ ಅದಕ್ಕೆ ತಾಗಿಸಬೇಡಿ. ಹೆಣ್ಣುಮಕ್ಕಳು ಮೂವರಿದ್ದರೆ ಮೂರು ಛಾಯಾಚಿತ್ರಗಳನ್ನು ತೆಗೆಸಿ ಕೊಡಿ. ಯಾರು ನೂತರು, ಯಾರು ಹೊಲಿದರು, ಎಲ್ಲಿ ಹಾರಿತು, ಪೆಟ್ಟಿಗೆಗೆ ಹೇಗೆ ಬಂತು ಎಂಬುದನ್ನು ಬಲ್ಲವರಿಂದ ಕೇಳಿ ಇಂದೇ ಬರೆದಿಡಿ.

ಆಕೆ ಬರೆದ ಕಾಗದವನ್ನು ಮೊನ್ನೆ ನಮಗೆ ತೋರಿಸಿದರು. ನೂತವರು ಅಜ್ಜಿಯೇ ಎಂದು ತಾಯಿಯವರ ನೆನಪಿನಿಂದ ತಿಳಿದಿದೆ. ಹೊಲಿದವರ ಹೆಸರಿನ ಮುಂದಿನ ಸ್ಥಳವನ್ನು ಖಾಲಿ ಬಿಟ್ಟು, ಬೆಳಗಾವಿಯಲ್ಲಿರುವ ಅಜ್ಜಿಯ ತಂಗಿಯವರಿಗೆ ಪತ್ರ ಬರೆದಿದ್ದಾರೆ. ಉತ್ತರ ಇನ್ನೂ ಬಂದಿಲ್ಲ.