ವಿರಹಗೀತವು ಹೀನವೇ?

ಹಾಂಗ್‌ಕಾಂಗಿನ ‘ಬಿಯಾಂಡ್’ ಎಂಬ ರಾಕ್ ಸಂಗೀತದ ಮೇಳವನ್ನು ವಿಮರ್ಶಿಸುವಾಗ ಕೆಲವು ಪಂಡಿತಂಮನ್ಯರು ಒಂದು ವಿಚಿತ್ರವಾದ ವಿಭಾಗವನ್ನು ಮಾಡುವುದುಂಟು. ಸ್ವಾತಂತ್ರ್ಯವನ್ನೂ ಲೋಕಹಿತವನ್ನೂ ಕುರಿತ ಹಾಡುಗಳು ಉತ್ತಮವಂತೆ. ಪ್ರಣಯಭಂಗದ ಹಾಡುಗಳು ಹಣಕ್ಕಾಗಿ ಕಟ್ಟಿದ ಕಣ್ಣೀರಿನ ಸರಕಂತೆ! ಈ ತೀರ್ಪು ವಿಚಾರಕ್ಕೆ ನಿಲ್ಲತಕ್ಕುದಲ್ಲ.

1983ರಲ್ಲಿ ಹುಟ್ಟಿದ ಈ ಮೇಳಕ್ಕೆ ವಾಂಗ್ ಕಾ ಕುಯಿ ಎಂಬಾತನು ನಾಯಕನು. 1988ರಲ್ಲಿ ಪದವನ್ನೂ ರಾಗವನ್ನೂ ತಾನೇ ರಚಿಸಿ ಹಾಡಿದ ‘ಹೇಯ್ ಫೂನ್ ನೇಯ್’, ಎಂದರೆ ‘ನಿನ್ನಲ್ಲಿ ಒಲವು’, ಎಂಬ ಗೀತವನ್ನೇ ಪರೀಕ್ಷಿಸಬಹುದು. ಅಗಲಿದವಳನ್ನು ನೆನೆಯುತ್ತ ಇರುಳಿನಲ್ಲಿ ಒಬ್ಬನೇ ಅಲೆಯುವ ಪುರುಷನು ಅಲ್ಲಿ ಆಕೆಯನ್ನು ದೂಷಿಸುವುದಿಲ್ಲ, ವಿಧಿಯನ್ನು ಹಳಿಯುವುದಿಲ್ಲ. ತನಗಾಗಿ ಹೆಣಗುತ್ತಿದ್ದಾಗ ಆಕೆಯ ನೋವು ತನಗೆ ತಿಳಿಯದೇ ಹೋಯಿತೆಂದು ತನ್ನ ತಪ್ಪನ್ನೇ ಒಪ್ಪಿಕೊಳ್ಳುತ್ತಾನೆ. ಇದು ಸರಕೇ? ಪಶ್ಚಾತ್ತಾಪವಲ್ಲವೇ?

ಇನ್ನು ರಚನೆಯ ಮಾತು. ಕ್ಯಾಂಟನೀಸ್ ನುಡಿಯಲ್ಲಿ ಆರು ಸ್ವರಭೇದಗಳುಂಟು. ಉಚ್ಚಾರದ ಏರಿಳಿತವು ತಪ್ಪಿದರೆ ಪದದ ಅರ್ಥವೇ ಬೇರೆಯಾಗುತ್ತದೆ. ಆದುದರಿಂದ ರಾಗದ ಗತಿಗೆ ಪದದ ಗತಿಯು ಹೊಂದಲೇಬೇಕು. ಗಣನಿಯಮಕ್ಕಿಂತಲೂ ಬಿಗಿಯಾದ ಈ ಕಟ್ಟಳೆಯೊಳಗೆ ಸಹಜವಾದ ಅಳಲನ್ನು ನುಡಿಸುವುದು ಅಲ್ಪರ ಕೆಲಸವಲ್ಲ.

ಪೊಳ್ಳು ವಿರಹಗೀತಗಳು ಆ ಪೇಟೆಯಲ್ಲಿ ಇಲ್ಲವೆಂದಲ್ಲ. ಆದರೆ ಆ ದೋಷವು ಕರ್ತೃವಿನದು, ರಸದ್ದಲ್ಲ. ವಿಪ್ರಲಂಭದಲ್ಲಿಯೂ ಕರುಣದಲ್ಲಿಯೂ ಮನಸ್ಸು ಹೆಚ್ಚು ಆರ್ದ್ರವಾಗುವುದರಿಂದ ಅಲ್ಲಿ ಮಾಧುರ್ಯವು ಅಧಿಕವೆಂದು ಆನಂದವರ್ಧನನು ಸಾವಿರ ವರ್ಷಗಳ ಹಿಂದೆಯೇ ನಿರ್ಣಯಿಸಿದ್ದಾನೆ. ಅಲಂಕಾರಶಾಸ್ತ್ರವನ್ನು ಬಲ್ಲ ಮನೆಗಳಲ್ಲಿ ಇದು ಹೊಸ ಮಾತಲ್ಲ. ಕಾವ್ಯದಲ್ಲಿ ಯಕ್ಷನು ಅತ್ತರೆ ತಲೆದೂಗಿ, ಗಿಟಾರ್ ಹಿಡಿದ ತರುಣನು ಅತ್ತರೆ ಮೂಗು ಮುರಿಯುವುದು ಯಾವ ನ್ಯಾಯ?

ಮುಖ್ಯವಾದ ಮಾತು ಮುಂದಿದೆ. 1990ರಲ್ಲಿ, 27 ವರ್ಷಗಳ ಸೆರೆವಾಸದಿಂದ ನೆಲ್ಸನ್ ಮಂಡೇಲನು ಬಿಡುಗಡೆಯಾದ ವರ್ಷದಲ್ಲಿಯೇ, ಆತನನ್ನು ಕುರಿತು ಹಾಡು ಕಟ್ಟಿದವನೂ ಈ ವಾಂಗನೇ. ಪಂಡಿತರು ಮೆಚ್ಚುವುದು ಈ ಹಾಡನ್ನು. ಆದರೆ ಹತ್ತಿರದವಳ ನೋವನ್ನು ಕಾಣದೆ ಹೋದೆನೆಂದು ಮೊದಲು ಮರುಗಿದ ಹೃದಯವೇ ದೂರದ ಆಫ್ರಿಕದ ನೋವಿಗೂ ಕರಗಿತು. ಒಂದೇ ಬುಗ್ಗೆಯ ನೀರನ್ನು ಎರಡು ಕೊಡಗಳಲ್ಲಿ ತುಂಬಿ, ಒಂದನ್ನು ತೀರ್ಥವೆಂದೂ ಇನ್ನೊಂದನ್ನು ಕೊಚ್ಚೆಯೆಂದೂ ಕರೆಯಬಹುದೇ?

1993ರ ಜೂನಿನಲ್ಲಿ ಟೋಕಿಯೋದ ಒಂದು ಟೆಲಿವಿಷನ್ ಕಾರ್ಯಕ್ರಮದ ವೇದಿಕೆಯಿಂದ ಬಿದ್ದು ವಾಂಗನು 31ನೆಯ ವಯಸ್ಸಿನಲ್ಲಿ ಮಡಿದನು. 2014ರಲ್ಲಿ ಜಿ.ಇ.ಎಂ. ಎಂಬ ಗಾಯಕಿಯು ಅದೇ ವಿರಹಗೀತವನ್ನು ಮರಳಿ ಹಾಡಲು, ಆತನನ್ನು ಕಾಣದ ತಲೆಮಾರೂ ಅದಕ್ಕೆ ಕಿವಿಗೊಟ್ಟಿತು. ಬರಿಯ ಸರಕಾಗಿದ್ದರೆ ಅದು 26 ವರ್ಷ ಕೆಡದೆ ಉಳಿಯುತ್ತಿತ್ತೇ? ಸಹೃದಯರೇ ತೀರ್ಮಾನಿಸಲಿ.