ಶಾಸ್ತ್ರಗಳ ಸಂಗಮದಲ್ಲಿ ವಿದ್ಯುದ್ವಿಜ್ಞಾನ

ವಿದ್ಯೆಯನ್ನು ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ, ತಂತ್ರಶಾಸ್ತ್ರಗಳೆಂದು ವಿಂಗಡಿಸಿರುವುದು ಬೋಧನೆಯ ಅನುಕೂಲಕ್ಕಾಗಿಯೇ ಹೊರತು ನಿಸರ್ಗವು ಹಾಗೆ ಹೋಳುಹೋಳಾಗಿದೆ ಎಂದಲ್ಲ. ಈ ಮಾತಿಗೆ ಇಂದಿನ ವಿದ್ಯುದ್ವಿಜ್ಞಾನವೇ ಉತ್ತಮ ನಿದರ್ಶನ.

1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಸುಮಾರು 147 ಕಿಲೋಮೀಟರು ದೂರದ ಕೋಲಾರದ ಚಿನ್ನದ ಗಣಿಗಳಿಗೆ ಹರಿಯಿತು. 1911ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯು ಪಾಠಪ್ರವಚನ ಆರಂಭಿಸಿದಾಗ ಅದರ ಮೊದಲ ವಿಭಾಗಗಳಲ್ಲಿ ವಿದ್ಯುತ್ ತಂತ್ರಶಾಸ್ತ್ರವೂ ಒಂದಾಗಿತ್ತು. ಆ ಸಂಸ್ಥೆಗೆ ಧನವನ್ನು ಮೀಸಲಿರಿಸಿದ ಜಮ್‌ಶೆಟ್‌ಜಿ ಟಾಟಾ ಅವರಿಗಾಗಲಿ, 371 ಎಕರೆ ಭೂಮಿಯನ್ನಿತ್ತ ಮೈಸೂರು ಸಂಸ್ಥಾನಕ್ಕಾಗಲಿ ಆ ಬೀಜವು ಮುಂದೆ ಯಾವ ಫಲ ನೀಡೀತೆಂಬುದನ್ನು ಊಹಿಸುವುದು ಶಕ್ಯವಿರಲಿಲ್ಲ. 2023ರ ಏಪ್ರಿಲ್‌ನಲ್ಲಿ ಕೇಂದ್ರ ಸರಕಾರವು 6,003.65 ಕೋಟಿ ರೂಪಾಯಿಗಳ ರಾಷ್ಟ್ರೀಯ ಕ್ವಾಂಟಂ ಯೋಜನೆಗೆ ಒಪ್ಪಿಗೆಯಿತ್ತಿತು. ಅದರ ನಾಲ್ಕು ಕೇಂದ್ರಗಳ ಪೈಕಿ ಕ್ವಾಂಟಂ ಗಣಕದ ಕೇಂದ್ರವು ಅದೇ ಸಂಸ್ಥೆಯ ಪಾಲಿಗೆ ಬಂದಿದೆ.

ಕ್ವಾಂಟಂ ಎಂದೊಡನೆ ಅದು ಭೌತವಿಜ್ಞಾನಿಯ ಸೊತ್ತೆಂದು ಭಾವಿಸುವುದು ವಾಡಿಕೆ. ವಸ್ತುಸ್ಥಿತಿ ಬೇರೆ. ಅತಿವಾಹಕಗಳಿಂದಾದ ಕ್ವಾಂಟಂ ಗಣಕದ ತಿರುಳನ್ನು ಪರಮಶೂನ್ಯಕ್ಕಿಂತ ಒಂದು ಡಿಗ್ರಿಯ ನೂರನೆಯ ಒಂದಂಶದಷ್ಟು ಮಾತ್ರ ಮೇಲಿನ ಶೈತ್ಯದಲ್ಲಿ ಇರಿಸಬೇಕು. ಸೆಕೆಂಡಿಗೆ ನೂರಾರು ಕೋಟಿ ಬಾರಿ ಕಂಪಿಸುವ ಸೂಕ್ಷ್ಮತರಂಗಗಳಿಂದ ಅದಕ್ಕೆ ಆಜ್ಞೆ ನೀಡಬೇಕು. ಆ ತರಂಗಗಳನ್ನು ಕಳಂಕವಿಲ್ಲದೆ ಒಳಗೊಯ್ಯುವುದು, ಮರಳಿ ಬರುವ ಕ್ಷೀಣ ಸಂಕೇತವನ್ನು ವರ್ಧಿಸಿ ಓದುವುದು ವಿದ್ಯುತ್ ಎಂಜಿನಿಯರನ ಕೆಲಸ. ತಕ್ಕ ಲೋಹವನ್ನು ಶುದ್ಧಗೊಳಿಸುವವನು ರಸಾಯನಜ್ಞ. ದೋಷಗಳನ್ನು ತಿದ್ದುವ ಸೂತ್ರ ಗಣಿತಜ್ಞನದು. ಇವರಲ್ಲಿ ಒಬ್ಬನ ಭಾಷೆ ಇನ್ನೊಬ್ಬನಿಗೆ ತಿಳಿಯದಿದ್ದರೆ ಯಂತ್ರವು ಮೂಕವಾಗಿಯೇ ಉಳಿಯುವುದು.

ಸುಳ್ಯ ತಾಲೂಕಿನ ಗುತ್ತಿಗಾರಿನಂತಹ ಊರಿಗೆ ಇದರಿಂದೇನು ಎಂಬ ಪ್ರಶ್ನೆ ಸಹಜ. ಆಷಾಢದ ಗಾಳಿಮಳೆಗೆ ಮರ ಉರುಳಿ ತಂತಿ ಕಡಿದರೆ ಕತ್ತಲೆಯಲ್ಲಿ ಕೂರುವ ಕೃಷಿಕನಿಗೆ ಕ್ವಾಂಟಂ ದೂರದ ಮಾತು. ಆದರೆ ಪ್ರಸರಣ ಮಾರ್ಗದಲ್ಲಿ ದೋಷವೆಲ್ಲಿದೆಯೆಂದು ಗುರುತಿಸುವ ಒಂದು ಕ್ರಮವನ್ನು ಗಮನಿಸಬೇಕು. ದೋಷದ ಸ್ಥಳದಿಂದ ಹೊರಟ ವಿದ್ಯುತ್ತರಂಗವು ಮಾರ್ಗದ ಎರಡೂ ತುದಿಗಳನ್ನು ಮುಟ್ಟಿದ ಹೊತ್ತನ್ನು ಅಳೆದು ದೂರವನ್ನು ಲೆಕ್ಕಹಾಕುತ್ತಾರೆ. ಆ ತರಂಗವು ಸೆಕೆಂಡಿನ ಹತ್ತು ಲಕ್ಷದ ಒಂದು ಪಾಲಿನಲ್ಲಿ ಸುಮಾರು 300 ಮೀಟರು ಓಡುವುದರಿಂದ ಎರಡೂ ತುದಿಗಳ ಗಡಿಯಾರಗಳು ಅಷ್ಟೇ ಕರಾರುವಾಕ್ಕಾಗಿ ಹೊಂದಿರಬೇಕು. ಆ ಹೊಂದಿಕೆಯನ್ನು ಒದಗಿಸುವುದು ಉಪಗ್ರಹಗಳಲ್ಲಿರುವ ಪರಮಾಣು ಗಡಿಯಾರ. ಅದು ನಡೆಯುವುದು ಕ್ವಾಂಟಂ ನಿಯಮದಿಂದಲೇ. ಕಾಡಿನ ನಡುವೆ ಕಡಿದ ತಂತಿಗೂ ಪರಮಾಣುವಿನ ಕಂಪನಕ್ಕೂ ಇಂತಹ ನಂಟಿದೆ.

ಆದುದರಿಂದ ಶಾಲೆಗಳ ಹೊಣೆ ಸ್ಪಷ್ಟ. ಓಮನ ನಿಯಮವನ್ನು ಬಾಯಿಪಾಠ ಮಾಡಿಸುವ ಅಧ್ಯಾಪಕರು ಅದೇ ದಿನ ಗಣಿತದ ಅಧ್ಯಾಪಕರೊಡಗೂಡಿ ಅದರ ನಕ್ಷೆಯನ್ನು ಬರೆಯಿಸಲಿ. ವಿದ್ಯಾರ್ಥಿಯ ಕೈಯಿಂದಲೇ ತಂತಿ ಜೋಡಿಸಿ ಅಳೆಯಿಸಲಿ. ಹಳೆಯ ವಿದ್ಯಾರ್ಥಿಗಳಲ್ಲಿ ಎಂಜಿನಿಯರರಾದವರು ವರ್ಷಕ್ಕೆರಡು ದಿನ ಶಾಲೆಗೆ ಬಂದು ಮಕ್ಕಳೊಡನೆ ಕುಳಿತುಕೊಳ್ಳಲಿ. ದಾನಿಗಳು ತಮ್ಮ ಹೆಸರಿನ ಕಟ್ಟಡದ ಜೊತೆಗೆ ಎಲ್ಲ ವಿಜ್ಞಾನಗಳಿಗೂ ಸಮಾನವಾದ ಒಂದು ಕಾರ್ಯಾಗಾರವನ್ನು ಕಟ್ಟಿಸಲಿ. ಕಟ್ಟಡ ಕಣ್ಣಿಗೆ ಬೇಗ ಕಾಣುತ್ತದೆ, ಕಾರ್ಯಾಗಾರದ ಫಲ ತಡವಾಗಿ ಕಾಣುತ್ತದೆ. ಹಾಗೆಂದು ಹಿಂಜರಿದಿದ್ದರೆ ಬೆಂಗಳೂರಿನ ಆ 371 ಎಕರೆ ಬರಿಯ ಬಯಲಾಗಿಯೇ ಉಳಿಯುತ್ತಿತ್ತು.